ನನ್ನ ಅನುಭವ: ಡೋರ್ಸ್‌ನಲ್ಲಿ ಲಿಂಕ್ ಹಾಕುವ ಕೆಲಸ

ಬ್ಯಾಟರಿ ಪ್ಯಾಕ್‌ಗಳ ಸಿಸ್ಟಮ್ಸ್ ಎಂಜಿನಿಯರಿಂಗ್ ನನ್ನ ಕೆಲಸ. ಪ್ಯಾಕ್ ಏನು ಮಾಡಬೇಕು ಎಂದು ಬರೆಯುವುದು, ಬರೆದದ್ದು ಹಾರ್ಡ್‌ವೇರ್, ಸಾಫ್ಟ್‌ವೇರ್, ಟೆಸ್ಟ್ ತಂಡಗಳಿಗೆ ಸರಿಯಾಗಿ ಮುಟ್ಟುವ ಹಾಗೆ ನೋಡಿಕೊಳ್ಳುವುದು. ಮೊದಲು ಎಲ್ಲ ವರ್ಡ್, ಎಕ್ಸೆಲ್‌ನಲ್ಲೇ ನಡೆಯುತ್ತಿತ್ತು. ಈಗ ಐಬಿಎಂ ಡೋರ್ಸ್ ಬಳಸುತ್ತೇವೆ. ರಿಕ್ವೈರ್‌ಮೆಂಟ್‌ಗಳನ್ನು, ಅಂದರೆ ಪ್ಯಾಕ್ ಏನು ಮಾಡಬೇಕು ಅನ್ನುವ ಸಾಲುಗಳನ್ನು, ಬರೆದಿಟ್ಟು ಒಂದಕ್ಕೊಂದು ಲಿಂಕ್ ಮಾಡುವ ಟೂಲ್ ಅದು. ಈ ಟೂಲ್ ಯಾಕೆ ಬೇಕು ಎಂದು ಹೊಸಬರು ಕೇಳಿದರೆ ನಾನು ಒಂದೇ ಒಂದು ರಿಕ್ವೈರ್‌ಮೆಂಟ್ ತೆರೆದು ತೋರಿಸುತ್ತೇನೆ.

ಅದು ಹೀಗಿತ್ತು: ಯಾವುದೇ ಸೆಲ್‌ನ ಉಷ್ಣಾಂಶ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ 500 ಮಿಲಿಸೆಕೆಂಡಿನೊಳಗೆ ಕಾಂಟಾಕ್ಟರ್ (ಪ್ಯಾಕ್‌ನ ಕರೆಂಟ್ ಕಡಿಯುವ ಸ್ವಿಚ್) ತೆರೆದುಕೊಳ್ಳಬೇಕು. ಓದಲು ಒಂದೇ ಸಾಲು. ಆದರೆ ಆ 500 ಮಿಲಿಸೆಕೆಂಡನ್ನು ಕೆಳಗಿನ ಹಂತದ ತಂಡಗಳೆಲ್ಲ ಹಂಚಿಕೊಳ್ಳಬೇಕಲ್ವಾ? ಸಾಫ್ಟ್‌ವೇರ್ 100 ಮಿಲಿಸೆಕೆಂಡಿಗೊಮ್ಮೆ ಸೆನ್ಸರ್ ಓದುತ್ತದೆ. ಸತತ ಮೂರು ರೀಡಿಂಗ್ ಮಿತಿ ದಾಟಿದ ಮೇಲೆಯೇ ಆದೇಶ ಕೊಡುತ್ತದೆ. ಅಲ್ಲಿಗೆ ಹೆಚ್ಚೆಂದರೆ 300. ಲೆಕ್ಕಾಚಾರಕ್ಕೆ 50, ಕಾಂಟಾಕ್ಟರ್ ತೆರೆಯಲು 50. ಒಟ್ಟು 400. ಪ್ರತಿಯೊಂದೂ ಬೇರೆ ಮಾಡ್ಯೂಲ್‌ನಲ್ಲಿ (ಡೋರ್ಸ್‌ನ ಒಂದು ದಾಖಲೆ) ಬೇರೆ ರಿಕ್ವೈರ್‌ಮೆಂಟ್, ಎಲ್ಲದರಿಂದಲೂ ಮೇಲಿನ ಸಾಲಿಗೆ ಲಿಂಕ್. ಟೆಸ್ಟ್ ಕೇಸ್‌ನಿಂದಲೂ ಒಂದು ಲಿಂಕ್.

ಆಮೇಲೆ ಗ್ರಾಹಕರು ಸಮಯವನ್ನು 300ಕ್ಕೆ ಇಳಿಸಿ ಎಂದರು. ಮೇಲಿನ ಅಂಕಿ ತಿದ್ದಿ ಸೇವ್ ಮಾಡಿದ ಕೂಡಲೇ ಅದಕ್ಕೆ ಜೋಡಿಸಿದ್ದ ಲಿಂಕ್‌ಗಳೆಲ್ಲ ಸಸ್ಪೆಕ್ಟ್ ಆದವು. ಅಂದರೆ, ಮೇಲಿನದು ಬದಲಾಗಿದೆ, ನಿಮ್ಮದು ಇನ್ನೂ ಸರಿ ಇದೆಯಾ ನೋಡಿ ಎಂದು ಟೂಲ್ ಕೇಳುತ್ತಿದೆ. ಇಲ್ಲಿ ಎಲ್ಲಕ್ಕಿಂತ ಅಪಾಯದ ಲಿಂಕ್ ಟೆಸ್ಟ್ ಕೇಸ್‌ನದು. ಅದು 500 ಮಿಲಿಸೆಕೆಂಡಿನವರೆಗೆ ಕಾಯುತ್ತದೆ. ಕಾಂಟಾಕ್ಟರ್ 400ಕ್ಕೆ ತೆರೆದರೂ ಪಾಸ್ ಎಂದೇ ಬರುತ್ತದೆ. ಹಸಿರು ಬಣ್ಣದ ರಿಪೋರ್ಟ್ ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ಎಕ್ಸೆಲ್‌ನಲ್ಲಿ ಇದನ್ನು ಹಿಡಿಯಬೇಕಾದರೆ ಯಾರಾದರೂ ನೆನಪಿಟ್ಟುಕೊಂಡು ಹುಡುಕಬೇಕು. ಮನುಷ್ಯರ ನೆನಪಿನ ಮೇಲೆ ಸುರಕ್ಷತೆ ನಿಲ್ಲಬಾರದು. ಈ ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ.

ಇನ್ನು ಪರಿಹಾರ. ಮೂರು ರೀಡಿಂಗ್ ಯಾಕೆ, ಎರಡು ಸಾಕು ಎಂದು ಸಾಫ್ಟ್‌ವೇರ್ ತಂಡದ ಗೆಳೆಯರು ಹೇಳಿದರು. ಸಹಜವಾದ ಮಾತೇ. ಆದರೆ ರ್‍ಯಾಷನೇಲ್ ಕಾಲಂನಲ್ಲಿ ಕಾರಣ ಇತ್ತು: ಮೋಟಾರ್ ಜೋರಾಗಿ ಎಳೆಯುವಾಗ ಬರುವ ಎಲೆಕ್ಟ್ರಿಕಲ್ ನಾಯ್ಸ್‌ನಿಂದ ಒಂದೆರಡು ತಪ್ಪು ರೀಡಿಂಗ್ ಬರಬಹುದು, ಓಡುತ್ತಿರುವ ವಾಹನ ಸುಮ್ನೆ ನಿಂತುಬಿಡಬಾರದು. ಅದನ್ನು ಓದಿದ ಮೇಲೆ ಚರ್ಚೆ ಅಲ್ಲೇ ಮುಗಿಯಿತು. ಮೂರನ್ನು ಹಾಗೇ ಉಳಿಸಿ, ಸೆನ್ಸರ್ ಓದುವ ಅಂತರವನ್ನು 50 ಮಿಲಿಸೆಕೆಂಡಿಗೆ ಇಳಿಸಿದೆವು. 150, 50, 50. ಒಟ್ಟು 250, ಮಿತಿಯೊಳಗೆ ಬಂತು. ಅಂಕಿಯ ಪಕ್ಕದಲ್ಲಿ ಅದರ ಕಾರಣ ಬರೆದಿಡುವುದು ಬೇಸರದ ಕೆಲಸ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಸಸ್ಪೆಕ್ಟ್ ಗುರುತನ್ನು ತೆಗೆಯಲು ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಕೆಳಗಿನ ರಿಕ್ವೈರ್‌ಮೆಂಟ್ ಯಾರದೋ ಅವರೇ ಓದಿ, ಒಂದು ಸಾಲು ಬರೆದು ತೆಗೆಯಬೇಕು. ಎಲ್ಲವನ್ನೂ ಸೆಲೆಕ್ಟ್ ಮಾಡಿ ಒಟ್ಟಿಗೆ ಕ್ಲಿಯರ್ ಮಾಡುವ ದಾರಿಯೂ ಟೂಲ್‌ನಲ್ಲಿದೆ. ಗಡುವು ಹತ್ತಿರ ಬಂದಾಗ ಕೈ ಅಲ್ಲಿಗೇ ಹೋಗುತ್ತದೆ. ಹಾಗೆ ಮಾಡಿದರೆ ಲಿಂಕ್ ಹಾಕಿದ್ದೇ ವ್ಯರ್ಥ. ಜನ ಹಾಗೆ ಮಾಡಲು ಕಾರಣ ಸೋಮಾರಿತನ ಅಲ್ಲ, ಎಚ್ಚರಿಕೆಗಳು ಜಾಸ್ತಿ ಆಗಿರುವುದು. ಸ್ಟೇಟಸ್ ಕಾಲಂ ಬದಲಾಯಿಸಿದರೂ, ಕಾಮೆಂಟ್ ಸೇರಿಸಿದರೂ ಗುರುತು ಎದ್ದರೆ ಯಾರು ತಾನೇ ಓದುತ್ತಾರೆ? ಡೋರ್ಸ್‌ನಲ್ಲಿ ಯಾವ ಆಟ್ರಿಬ್ಯೂಟ್ (ಅಂದರೆ ಕಾಲಂ) ತಿದ್ದಿದರೆ ಅದು ಬದಲಾವಣೆ ಎಂದು ಲೆಕ್ಕ ಅನ್ನುವುದನ್ನು ನಾವೇ ಆರಿಸಬಹುದು. ಅಂಥ ಕಾಲಂಗಳನ್ನೆಲ್ಲ ಹೊರಗಿಟ್ಟ ಮೇಲೆ ಉಳಿದ ಎಚ್ಚರಿಕೆಗಳನ್ನು ಜನ ನಿಜವಾಗಿ ನೋಡತೊಡಗಿದರು.

ರಿಕ್ವೈರ್‌ಮೆಂಟ್ ಬರೆಯುವ ರೀತಿಗೆ ಈಯರ್ಸ್ (EARS) ಪದ್ಧತಿ ಹಿಡಿದಿದ್ದೇವೆ. 2009ರಲ್ಲಿ ರೋಲ್ಸ್‌ರಾಯ್ಸ್‌ನ ಎಂಜಿನಿಯರ್‌ಗಳು ಪ್ರಕಟಿಸಿದ್ದು. ಮೊದಲು ಸಂದರ್ಭ, ಆಮೇಲೆ ಯಾವ ಸಿಸ್ಟಮ್, ಕೊನೆಗೆ ಅದು ಏನು ಮಾಡಬೇಕು. ಅಷ್ಟೇ. ಗ್ರಾಹಕರ ರಿಕ್ವೈರ್‌ಮೆಂಟ್‌ಗಳು ರೆಕ್‌ಐಎಫ್ ಫೈಲ್ (ಬೇರೆ ಬೇರೆ ಟೂಲ್‌ಗಳ ನಡುವೆ ರಿಕ್ವೈರ್‌ಮೆಂಟ್ ಸಾಗಿಸುವ ಫಾರ್ಮ್ಯಾಟ್) ಆಗಿ ಬರುತ್ತವೆ. ಅವರ ವಾಕ್ಯಕ್ಕೆ ನಾವು ಕೈ ಹಾಕುವುದಿಲ್ಲ. ಒಪ್ಪಿದೆವೋ ಇಲ್ಲವೋ ಅನ್ನುವುದನ್ನು ನಮ್ಮ ಕಾಲಂನಲ್ಲಿ ಬರೆದು ವಾಪಸ್ ಕಳಿಸುತ್ತೇವೆ.

ಲಿಂಕ್ ಇರುವುದನ್ನು ನೋಡುವಷ್ಟೇ ಇಲ್ಲದ್ದನ್ನೂ ಹುಡುಕಬೇಕು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಬಳಿ ಕಳೆದುಹೋಯಿತು. ಮೆಟ್ರಿಕ್ ಮಾನದಲ್ಲೇ ಲೆಕ್ಕ ಕೊಡಬೇಕು ಎಂದು ಇಂಟರ್‌ಫೇಸ್ ದಾಖಲೆಯಲ್ಲಿ ಬರೆದೇ ಇತ್ತು. ಭೂಮಿಯ ಮೇಲಿನ ಸಾಫ್ಟ್‌ವೇರ್ ಪೌಂಡ್ ಲೆಕ್ಕ ಕೊಡುತ್ತಿತ್ತು, ಅದನ್ನು ಯಾವ ಪರೀಕ್ಷೆಯೂ ಹಿಡಿಯಲಿಲ್ಲ. ನನಗೆ ಈ ಕಥೆ ಯಾವಾಗಲೂ ತಲೆಯಲ್ಲಿರುತ್ತದೆ. ಅದಕ್ಕೇ ಪ್ರತಿ ಬೇಸ್‌ಲೈನ್‌ಗೂ (ಆ ಹೊತ್ತಿನ ರಿಕ್ವೈರ್‌ಮೆಂಟ್‌ಗಳನ್ನು ತಿದ್ದಲಾಗದ ಪ್ರತಿಯಾಗಿ ಉಳಿಸುವುದು) ಮುಂಚೆ ಎರಡು ಫಿಲ್ಟರ್ ಓಡಿಸುತ್ತೇನೆ. ಟೆಸ್ಟ್ ಕೇಸ್‌ನಿಂದ ಲಿಂಕೇ ಬರದ ರಿಕ್ವೈರ್‌ಮೆಂಟ್‌ಗಳು ಒಂದು. ಮೇಲಿನ ಯಾವುದಕ್ಕೂ ಲಿಂಕ್ ಇಲ್ಲದೆ ಒಂಟಿಯಾಗಿರುವವು ಇನ್ನೊಂದು. ಎರಡನೆಯ ಪಟ್ಟಿಯಲ್ಲಿ ಯಾರೂ ಕೇಳದ ಫೀಚರ್‌ಗಳು ಸಿಗುತ್ತವೆ. ಅವುಗಳನ್ನು ತೆಗೆಯಬೇಕೋ, ಮೇಲೆ ಒಂದು ರಿಕ್ವೈರ್‌ಮೆಂಟ್ ಸೇರಿಸಬೇಕೋ ಎಂದು ತಂಡದ ಜೊತೆ ಕೂತು ತೀರ್ಮಾನಿಸಿ, ಆಮೇಲೆಯೇ ಬೇಸ್‌ಲೈನ್ ಮಾಡುತ್ತೇನೆ.