ಸೀಲ್ ಬದಲಿಸಿದರೂ ಕೂರುತ್ತಿದ್ದ ಸ್ಟ್ರಟ್

ಪೈಪರ್ ಪಿಎ-28 ಎಂಬ ಸಣ್ಣ ವಿಮಾನದ ಎಡಗಡೆ ಮುಖ್ಯ ಸ್ಟ್ರಟ್, ಅಂದರೆ ಗ್ಯಾಸ್ ಮತ್ತು ಎಣ್ಣೆಯಿಂದ ಹೊಡೆತ ನುಂಗುವ ಚಕ್ರದ ಕಾಲು. ನೈಟ್ರೋಜನ್ ತುಂಬಿದ ದಿನ ಹೊರಗೆ ಕಾಣುವ ಪಿಸ್ಟನ್ ನಾಲ್ಕೂವರೆ ಇಂಚು, ಹತ್ತು ದಿನಕ್ಕೆ ಎರಡೂವರೆ. ಜೊತೆಗೆ ಇಳಿಯುವಾಗ ಧಡ್ ಎಂದು ತಳ ಹೊಡೆಯುತ್ತಿತ್ತು. ಸೀಲ್ ಆಗಿರುವ ಓ-ರಿಂಗ್, ಪಿಸ್ಟನ್ ಒರೆಸುವ ವೈಪರ್ ಎರಡು ಸಲ ಬದಲಿಸಿ ಆಗಿತ್ತು. ಆ ದುಡ್ಡು ನೀರಿಗೆ ಬಿತ್ತು. ಇನ್ನು ಪಿಸ್ಟನ್ನೇ ಬದಲಿಸಬೇಕು ಎಂದವರೇ ಹೆಚ್ಚು.

ಪಿಸ್ಟನ್ ಮಾತ್ರ ಒಣಗಿತ್ತು. ಸೀಲ್ ಸೋರಿದರೆ ಅದರ ಕ್ರೋಮ್ ಲೇಪದ ಮೇಲೆ ಕೆಂಪು ಎಣ್ಣೆ ಜಿಡ್ಡು ಕಾಣಲೇಬೇಕು. ಇಲ್ಲಿ ಬಿಳಿ ಬಟ್ಟೆಗೆ ಗುರುತೂ ಹತ್ತಲಿಲ್ಲ. ಅಂದರೆ ಗಾಳಿ ಮೇಲಿಂದ ಹೋಗುತ್ತಿದೆ. ಮೇಲ್ತುದಿಯ ಗ್ಯಾಸ್ ತುಂಬುವ ವಾಲ್ವ್ ಮೇಲೆ ಸೋಪಿನ ನೀರು ಹಾಕಿದರೆ ಅರ್ಧ ನಿಮಿಷಕ್ಕೊಂದು ಸಣ್ಣ ಗುಳ್ಳೆ. ಒಳಗಿದ್ದದ್ದು ಟೈರಿನ ಕೋರ್, ಅಂದರೆ ಟೈರ್ ವಾಲ್ವಿನೊಳಗೆ ಗಾಳಿ ತಡೆಯುವ ಪುಟ್ಟ ಭಾಗ! ಸ್ಟ್ರಟ್‌ಗೆ ಬೇಕಾದ ಹೈ ಪ್ರೆಷರ್ ಕೋರ್‌ನ ಕಡ್ಡಿ ತುದಿಯಲ್ಲಿ ಉಬ್ಬಿದ ಎಚ್ ಅಕ್ಷರ ಇರುತ್ತದೆ, ಕಣ್ಣಿಟ್ಟು ನೋಡಿ.

ತಳ ಹೊಡೆಯುವುದಕ್ಕೆ ಕಾರಣ ಬೇರೆ: ಹೊಡೆತ ನುಂಗುವ ಎಣ್ಣೆ ಕಡಿಮೆಯಾಗಿತ್ತು. ಪ್ರತಿ ಸಲ ಗಾಳಿ ಬಿಟ್ಟಾಗ ಅದರ ಜೊತೆ ನೊರೆಯಾಗಿ ಎಣ್ಣೆಯೂ ಹೋಗುತ್ತದೆ. ಅದನ್ನು ಯಾರೂ ಲೆಕ್ಕ ಇಡಲ್ಲ, ಗ್ಯಾಸ್ ಮಾತ್ರ ತುಂಬುತ್ತಾರೆ.

ಮೊದಲು ಗಾಳಿ ಪೂರ್ತಿ ಬಿಟ್ಟು, ಆಮೇಲೆ ಕೋರ್ ತೆಗೆದೆ. ಒತ್ತಡ ಇರುವಾಗ ಕೋರ್‌ಗಾಗಲಿ ಸಿಲಿಂಡರ್, ಪಿಸ್ಟನ್ ಜೋಡಿಸುವ ಟಾರ್ಕ್ ಲಿಂಕ್ ಬೋಲ್ಟ್‌ಗಾಗಲಿ ಕೈ ಹಾಕಬಾರದು. ವಾಲ್ವ್ ಮೇಲೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ ಇನ್ನೊಂದು ತುದಿಯನ್ನು 5606 ಎಂಬ ಕೆಂಪು ಹೈಡ್ರಾಲಿಕ್ ಎಣ್ಣೆಯ ಡಬ್ಬಿಯಲ್ಲಿ ಮುಳುಗಿಸಿದೆ. ಅದು ಜಾರದೆ ಕೂರುವ ಉಪಾಯ ನನ್ನ ಬಳಿಯೇ ಇರಲಿ. ವಿಮಾನ ಜ್ಯಾಕ್ ಮೇಲಿರುವಾಗ ಸ್ಟ್ರಟ್ ನಿಧಾನ ಎಳೆದರೆ ಎಣ್ಣೆ ಹೀರುತ್ತದೆ, ಒತ್ತಿದರೆ ಗುಳ್ಳೆ ಬರುತ್ತದೆ. ಹೀಗೆ ಐದಾರು ಸುತ್ತು ಆದಾಗ ಗುಳ್ಳೆ ನಿಂತಿತು ಅಂದುಕೊಂಡೆ. ತಪ್ಪು, ಹನ್ನೆರಡನೇ ಸುತ್ತಿನವರೆಗೂ ಗುಳ್ಳೆ. ನೆನಪಿನ ಪ್ರಕಾರ ಒಂದು ಲೋಟದಷ್ಟು ಎಣ್ಣೆ ಹಿಡಿಯಿತು.

ಅವಸರದಲ್ಲಿ ಎಳೆದರೆ ಟ್ಯೂಬ್ ತುದಿ ಎಣ್ಣೆಯಿಂದ ಮೇಲೆ ಬರುತ್ತದೆ, ಮತ್ತೆ ಮೊದಲಿಂದ. ಒಮ್ಮೆ ಹಾಗೂ ಆಯಿತು.

ಪೂರ್ತಿ ಒತ್ತಿ, ಹೊಸ ಕೋರ್ ಹಾಕಿ, ಜ್ಯಾಕ್ ಇಳಿಸಿ, ಇಂಧನ ಟ್ಯಾಂಕ್ ತುಂಬಿದ, ಜನ-ಸಾಮಾನು ಇಲ್ಲದ ವಿಮಾನದಲ್ಲಿ ನಾಲ್ಕೂವರೆ ಇಂಚಿಗೆ ನೈಟ್ರೋಜನ್. ರೆಕ್ಕೆ ಅಲುಗಾಡಿಸಿ ಮತ್ತೆ ಅಳೆದೆ.

ಜೊತೆಗೆ ಒಂದು ಪ್ರಯೋಗ: ಕ್ರೋಮ್ ಮೇಲೆ ಹತ್ತಿ ಎಳೆದೆ. ಉಗುರಿಗೆ ಸಿಗದ ಸಣ್ಣ ಕುಳಿಯಲ್ಲಿ ಎಳೆ ಸಿಕ್ಕಿಕೊಂಡಿತು. ಅಂಥ ಕುಳಿ ಎರಡೇ, ಅದೂ ಸೀಲ್ ಓಡಾಡುವ ಜಾಗಕ್ಕಿಂತ ಕೆಳಗೆ. ಬಿಟ್ಟೆ.

ಎರಡು ತಿಂಗಳಾಯಿತು, ನಾಲ್ಕೂಕಾಲು ಇಂಚಿಗಿಂತ ಕೆಳಗಿಳಿದಿಲ್ಲ. ಖರ್ಚು ಒಂದು ಕೋರ್, ಒಂದು ಲೋಟ ಎಣ್ಣೆ. ಪಿಸ್ಟನ್ ಬೇಕು ಎಂದವರು ಈಗ ಟ್ಯೂಬ್ ಗುಟ್ಟು ಕೇಳುತ್ತಿದ್ದಾರೆ.