ಡಿಎಫ್‌ಡಿ ಬರೆಯುವ ಕ್ರಮ: ಬಾಣಕ್ಕೆ ಹೆಸರಿಡುವುದೇ ಮುಖ್ಯ ಕೆಲಸ

ತಂತ್ರಾಂಶ ವಿನ್ಯಾಸದಲ್ಲಿ ಡೇಟಾ ಫ್ಲೋ ಡಯಾಗ್ರಾಮ್, ಅಂದರೆ ಡಿಎಫ್‌ಡಿ, ತೋರಿಸುವುದು ಒಂದೇ ವಿಷಯವನ್ನು: ಯಾವ ಮಾಹಿತಿ ಎಲ್ಲಿಂದ ಹೊರಟು, ಎಲ್ಲಿ ರೂಪ ಬದಲಿಸಿ, ಎಲ್ಲಿಗೆ ಸೇರುತ್ತದೆ ಎಂಬುದನ್ನು. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಷರತ್ತು ಸುಳ್ಳಾದರೆ ಮುಂದೇನು ಎಂಬುದು ಫ್ಲೋಚಾರ್ಟಿಗೆ ಬಿಟ್ಟ ವಿಚಾರ. ಹೊಸಬರ ಡಿಎಫ್‌ಡಿಗಳು ಕೆಡುವುದು ಹೆಚ್ಚಾಗಿ ಇವೆರಡನ್ನೂ ಬೆರೆಸುವುದರಿಂದ. ಬಾಣದ ಮೇಲೆ ‘ಹೌದು’, ‘ಇಲ್ಲ’ ಎಂದು ಬರೆದಿದ್ದರೆ ಅಲ್ಲಿ ಬೆರಕೆ ಆಗಿದೆಯೆಂದೇ ತಿಳಿಯಬೇಕು.

1970ರ ದಶಕದಲ್ಲಿ ರೂಪುಗೊಂಡ ಈ ವಿಧಾನದಲ್ಲಿ ನಾಲ್ಕೇ ಚಿಹ್ನೆಗಳಿವೆ. ಯುವರ್ಡನ್ ಮತ್ತು ಡಿಮಾರ್ಕೊ ಪದ್ಧತಿಯಲ್ಲಿ ಪ್ರಕ್ರಿಯೆಗೆ ವೃತ್ತ, ವ್ಯವಸ್ಥೆಯ ಹೊರಗಿನವರಿಗೆ ಆಯತ, ದತ್ತಾಂಶ ಸಂಗ್ರಹಕ್ಕೆ ಎರಡು ಸಮಾನಾಂತರ ಗೆರೆಗಳು, ಹರಿವಿಗೆ ಬಾಣ. ಗೇನ್ ಮತ್ತು ಸಾರ್ಸನ್ ಪದ್ಧತಿಯಲ್ಲಿ ಪ್ರಕ್ರಿಯೆ ಮೂಲೆ ದುಂಡಗಾದ ಆಯತವಾಗುತ್ತದೆ. ಯಾವುದನ್ನು ಆರಿಸಿದರೂ ನಡೆಯುತ್ತದೆ, ಒಂದೇ ಚಿತ್ರದಲ್ಲಿ ಎರಡೂ ಬರಬಾರದು ಅಷ್ಟೆ.

ಆನ್‌ಲೈನ್ ಟಿಕೆಟ್ ಕಾಯ್ದಿರಿಸುವ ವ್ಯವಸ್ಥೆಯೊಂದನ್ನು ಉದಾಹರಣೆಯಾಗಿ ನೋಡೋಣ. ಮೊದಲು ಬರೆಯಬೇಕಾದದ್ದು ಸಂದರ್ಭ ಚಿತ್ರ. ಇಡೀ ವ್ಯವಸ್ಥೆಯನ್ನು ಒಂದೇ ವೃತ್ತವಾಗಿಸಿ, ಅದರ ಸುತ್ತ ಪ್ರಯಾಣಿಕ, ಪಾವತಿ ಗೇಟ್‌ವೇ, ಸಾರಿಗೆ ಸಂಸ್ಥೆ ಎಂಬ ಮೂರು ಆಯತಗಳನ್ನು ಇಟ್ಟು, ನಡುವಿನ ಬಾಣಗಳಿಗೆ ಹೆಸರು ಬರೆಯಬೇಕು. ಇಲ್ಲಿ ಸಂಗ್ರಹಗಳನ್ನು ತೋರಿಸುವ ವಾಡಿಕೆಯಿಲ್ಲ. ಚಿತ್ರ ಸಣ್ಣದಾದರೂ ಯಾವುದು ನಮ್ಮ ಜವಾಬ್ದಾರಿ, ಯಾವುದು ಅಲ್ಲ ಎಂಬ ಗಡಿ ಇಲ್ಲೇ ತೀರ್ಮಾನವಾಗುವುದರಿಂದ, ಗ್ರಾಹಕರನ್ನು ಎದುರಿಗೆ ಕೂರಿಸಿಕೊಂಡು ಬರೆಯುವುದು ಒಳ್ಳೆಯದು.

ಅನಂತರ ಆ ವೃತ್ತವನ್ನು ಬಿಡಿಸಿ ‘1. ಆಸನ ಹುಡುಕು’, ‘2. ಆಸನ ಕಾಯ್ದಿರಿಸು’, ‘3. ಪಾವತಿ ದೃಢಪಡಿಸು’, ‘4. ಟಿಕೆಟ್ ರದ್ದುಮಾಡು’ ಎಂಬ ಪ್ರಕ್ರಿಯೆಗಳನ್ನೂ ‘ಆಸನಗಳು’, ‘ಬುಕಿಂಗ್‌ಗಳು’ ಎಂಬ ಸಂಗ್ರಹಗಳನ್ನೂ ಬರೆಯಬೇಕು. ಪ್ರಕ್ರಿಯೆಯ ಹೆಸರಿನಲ್ಲಿ ಕ್ರಿಯಾಪದವಿರಲಿ, ಬಾಣದ ಹೆಸರು ನಾಮಪದವಾಗಿರಲಿ. ಪ್ರತಿ ಬಾಣದ ಕನಿಷ್ಠ ಒಂದು ತುದಿ ಪ್ರಕ್ರಿಯೆಗೆ ತಾಗಿರಬೇಕು; ಸಂಗ್ರಹದಿಂದ ಸಂಗ್ರಹಕ್ಕೋ, ಪ್ರಯಾಣಿಕನಿಂದ ನೇರವಾಗಿ ಸಂಗ್ರಹಕ್ಕೋ ಮಾಹಿತಿ ತಾನಾಗಿ ಹೋಗಲಾರದು.

ಬಾಣಕ್ಕೆ ‘ಮಾಹಿತಿ’, ‘ವಿವರ’ ಎಂದು ಬರೆದು ಕೈತೊಳೆದುಕೊಂಡರೆ ಚಿತ್ರ ಬರೆದೂ ಪ್ರಯೋಜನವಿಲ್ಲ. ನಾಲ್ಕನೆಯ ಪ್ರಕ್ರಿಯೆಯನ್ನೇ ತೆಗೆದುಕೊಳ್ಳಿ. ಅದರಿಂದ ಗೇಟ್‌ವೇಗೆ ‘ಮರುಪಾವತಿ ವಿವರ’ ಹೋಗುತ್ತದೆ ಎಂದು ಬರೆದರೆ ಯಾರೂ ತಕರಾರು ತೆಗೆಯುವುದಿಲ್ಲ. ಅದೇ ಬಾಣಕ್ಕೆ ‘ಪಾವತಿ ಸಂಖ್ಯೆ ಮತ್ತು ಹಿಂತಿರುಗಿಸಬೇಕಾದ ಮೊತ್ತ’ ಎಂದು ಬರೆದ ತಕ್ಷಣ ಪ್ರಶ್ನೆ ಏಳುತ್ತದೆ: ಪಾವತಿ ಸಂಖ್ಯೆ ಈ ಪ್ರಕ್ರಿಯೆಗೆ ಬಂದದ್ದು ಎಲ್ಲಿಂದ? ಪ್ರಯಾಣಿಕ ಕೊಡುವುದು ಟಿಕೆಟ್ ಸಂಖ್ಯೆಯನ್ನು ಮಾತ್ರ. ‘ಬುಕಿಂಗ್‌ಗಳು’ ಸಂಗ್ರಹಕ್ಕೆ ಮೂರನೆಯ ಪ್ರಕ್ರಿಯೆ ಬರೆದಿಟ್ಟದ್ದು ‘ಪಾವತಿಯಾಗಿದೆ’ ಎಂಬ ಸ್ಥಿತಿಯನ್ನಷ್ಟೇ. ಕೋಡ್ ಬರೆದ ಮೇಲೆ, ಮೊದಲ ಮರುಪಾವತಿಯ ದಿನ ಬಯಲಾಗಬೇಕಿದ್ದ ಕೊರತೆ ಕಾಗದದ ಮೇಲೆಯೇ ಸಿಕ್ಕಿಬೀಳುತ್ತದೆ. ಒಳಬಂದ ದತ್ತಾಂಶದಿಂದ ಹುಟ್ಟಲು ಸಾಧ್ಯವಿಲ್ಲದ ಫಲಿತಾಂಶವನ್ನು ಕೊಡುವ ಇಂಥ ಪ್ರಕ್ರಿಯೆಗೆ ಗ್ರೇ ಹೋಲ್ ಎನ್ನುತ್ತಾರೆ. ಒಳಹರಿವು ಮಾತ್ರ ಇದ್ದರೆ ಅದು ಬ್ಲ್ಯಾಕ್ ಹೋಲ್, ಹೊರಹರಿವು ಮಾತ್ರ ಇದ್ದರೆ ಮಿರಾಕಲ್. ಆ ಎರಡು ಕಣ್ಣಿಗೆ ಬೀಳುತ್ತವೆ, ಗ್ರೇ ಹೋಲ್ ಮಾತ್ರ ಹೆಸರು ಸ್ಪಷ್ಟವಾಗಿರುವ ಕಡೆಯಷ್ಟೇ ಕಾಣುತ್ತದೆ.

ಈ ಕಾರಣಕ್ಕಾಗಿಯೇ ಡಿಎಫ್‌ಡಿಯ ಜೊತೆಗೆ ಡೇಟಾ ಡಿಕ್ಷನರಿ ಇರಬೇಕು. ಪ್ರತಿ ಬಾಣ ಮತ್ತು ಸಂಗ್ರಹದಲ್ಲಿ ಯಾವ ಯಾವ ಅಂಶಗಳಿವೆ ಎಂದು ಅದರಲ್ಲಿ ದಾಖಲಿಸುತ್ತಾರೆ.

ಒಂದು ಪ್ರಕ್ರಿಯೆ ಇನ್ನೂ ಜಟಿಲವಾಗಿದ್ದರೆ ಅದನ್ನು 4.1, 4.2 ಎಂದು ಬಿಡಿಸಬಹುದು. ಆಗ ಮೇಲಿನ ಹಂತದಲ್ಲಿ ಆ ವೃತ್ತಕ್ಕೆ ಬಂದ ಮತ್ತು ಅದರಿಂದ ಹೊರಟ ಹರಿವುಗಳೆಲ್ಲ ಕೆಳಗಿನ ಹಂತದಲ್ಲಿಯೂ ಇರಬೇಕು, ಹೊಸದೊಂದು ಸದ್ದಿಲ್ಲದೆ ಸೇರಿರಬಾರದು. ಇದನ್ನು ಬ್ಯಾಲೆನ್ಸಿಂಗ್ ಎನ್ನುತ್ತಾರೆ. ನನ್ನ ಮಟ್ಟಿಗೆ ಎರಡು ಹಂತ ಸಾಮಾನ್ಯವಾಗಿ ಸಾಕು. ಪ್ರಕ್ರಿಯೆಯ ತರ್ಕವನ್ನು ಅರ್ಧ ಪುಟದಲ್ಲಿ ಬರೆಯುವಂತಿದ್ದರೆ ಇನ್ನಷ್ಟು ವೃತ್ತಗಳನ್ನು ಬಿಡಿಸುವ ಬದಲು ಅದನ್ನು ಮಾತಿನಲ್ಲಿಯೇ ಬರೆದುಬಿಡುವುದು ಲೇಸು.

ಚಿತ್ರ ಮುಗಿದ ಮೇಲೆ ಅದರ ಮೇಲೆಯೇ ಭದ್ರತಾ ಪರಿಶೀಲನೆಯನ್ನೂ ನಡೆಸಬಹುದು. ಥ್ರೆಟ್ ಮಾಡೆಲಿಂಗ್, ಅಂದರೆ ವ್ಯವಸ್ಥೆಗೆ ಎಲ್ಲೆಲ್ಲಿ ಅಪಾಯ ಬರಬಹುದೆಂದು ಮೊದಲೇ ಗುರುತಿಸುವ ಕೆಲಸ, ಮಾಡುವವರು ಇಂದಿಗೂ ಡಿಎಫ್‌ಡಿಯನ್ನು ಬಳಸುವುದು ಇದಕ್ಕೇ. ನಮ್ಮ ಹಿಡಿತದಲ್ಲಿರುವ ಭಾಗ ಮತ್ತು ಹೊರಗಿನ ಭಾಗದ ನಡುವೆ ಚುಕ್ಕಿಗೆರೆಯೊಂದನ್ನು ಎಳೆದು, ಆ ಗೆರೆಯನ್ನು ದಾಟುವ ಪ್ರತಿ ಬಾಣದ ಬಗ್ಗೆ ಇದನ್ನು ಕಳುಹಿಸಿದವರು ಯಾರೆಂದು ಹೇಗೆ ಖಚಿತಪಡಿಸಿಕೊಳ್ಳುತ್ತೇವೆ, ದಾರಿಯಲ್ಲಿ ಯಾರಾದರೂ ತಿದ್ದಿದರೆ ತಿಳಿಯುತ್ತದೆಯೇ ಎಂದು ಕೇಳಬೇಕು. ನಮ್ಮ ಉದಾಹರಣೆಯಲ್ಲಿ ಗೇಟ್‌ವೇಯಿಂದ ಬರುವ ‘ಪಾವತಿ ಫಲಿತಾಂಶ’ದ ಬಾಣವನ್ನು ಮೊದಲು ಪರೀಕ್ಷಿಸುವುದು ಸೂಕ್ತ, ಏಕೆಂದರೆ ಅದನ್ನು ನಕಲು ಮಾಡಬಲ್ಲವನಿಗೆ ಹಣ ಕೊಡದೆಯೇ ಟಿಕೆಟ್ ಸಿಗುತ್ತದೆ.