ಗ್ರೌಂಡ್ ಫ್ಲೋರ್ ಮನೆ: ಒಪ್ಪುವ ಮುನ್ನ ನೀರಿನ ದಾರಿ ನೋಡಿ

ನೆಲಮಹಡಿಯ ಫ್ಲ್ಯಾಟಿನ ಅನುಕೂಲಗಳನ್ನು ಯಾರೂ ಹೇಳಿಕೊಡಬೇಕಿಲ್ಲ. ಲಿಫ್ಟಿಗೆ ಕಾಯುವ ಗೋಜಿಲ್ಲ, ಬೀರು ಮಂಚ ಹೊತ್ತು ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಮಕ್ಕಳು ಕುಣಿದರೆ ಕೆಳಗಿನವರು ಬಂದು ಬಾಗಿಲು ಬಡಿಯುವುದಿಲ್ಲ. ತಾರಸಿಯ ಕಾವು ನೆತ್ತಿಗೆ ಇಳಿಯದ ಕಾರಣ ಬೇಸಿಗೆಯಲ್ಲಿ ಕೊನೆಯ ಮಹಡಿಗಿಂತ ತಂಪು. ಇವೆಲ್ಲ ಐದು ನಿಮಿಷದಲ್ಲಿ ಕಾಣುತ್ತವೆ. ತೊಂದರೆಗಳು ಮಾತ್ರ ಗೋಡೆಯೊಳಗೆ, ನೆಲದಡಿ, ಚೇಂಬರಿನ (ಕೊಳಚೆ ಪೈಪುಗಳು ಬಂದು ಸೇರುವ ಹೊರಗಿನ ಗುಂಡಿ) ಮುಚ್ಚಳದ ಕೆಳಗೆ ಅಡಗಿರುತ್ತವೆ. ಅವುಗಳಲ್ಲಿ ಮುಕ್ಕಾಲು ಪಾಲಿಗೆ ನೀರೇ ಮೂಲ. ಮನೆ ನೋಡಲು ಹೋಗುವಾಗ ಟಾರ್ಚ್, ಅಳತೆ ಟೇಪು, ಒಂದು ದಪ್ಪ ಪಾಲಿಥಿನ್ ಹಾಳೆ, ಅಗಲವಾದ ಅಂಟುಟೇಪು ಜೊತೆಗಿರಲಿ. ಜೋರು ಮಳೆ ಬಂದ ಮಾರನೇ ದಿನ ಹೋದರೆ ಇನ್ನೂ ಒಳ್ಳೆಯದು.

ಮೊದಲು ಹೊರಗೆ ನಿಲ್ಲಿ

ಒಳಗೆ ಹೋಗುವ ಅವಸರ ಬೇಡ. ರಸ್ತೆಗಿಂತ ಮನೆಯ ನೆಲ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಗಾರೆಯವರು ಬಳಸುವ ಪಾರದರ್ಶಕ ಟ್ಯೂಬಿಗೆ ನೀರು ತುಂಬಿ ಒಂದು ತುದಿ ರಸ್ತೆಬದಿಯಲ್ಲಿ, ಇನ್ನೊಂದು ಹೊಸ್ತಿಲ ಬಳಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ಅಳತೆ ತೆಗೆಯಬಹುದು. ಟ್ಯೂಬಿನೊಳಗೆ ಗಾಳಿಗುಳ್ಳೆ ಉಳಿದರೆ ಲೆಕ್ಕ ತಪ್ಪುತ್ತದೆ. ಹಳೆಯ ಕಟ್ಟಡವಾದರೆ ಈ ಅಳತೆ ಬಿಡಲೇಬೇಡಿ. ಹಳೆಯ ಪದರ ಕೆರೆಯದೆ ಮೇಲಿಂದ ಮೇಲೆ ಟಾರು ಹಾಕುತ್ತಾ ಹೋದಂತೆ ರಸ್ತೆ ಏರುತ್ತದೆ, ಮನೆ ಇದ್ದಲ್ಲೇ ಇರುತ್ತದೆ. ಕಟ್ಟಿದಾಗ ಎರಡು ಮೆಟ್ಟಿಲು ಹತ್ತಬೇಕಿದ್ದ ಮನೆಗೆ ಈಗ ಅರ್ಧ ಮೆಟ್ಟಿಲು ಉಳಿದಿರಬಹುದು.

ಹೊರಗೋಡೆಗೆ ಒತ್ತಿಕೊಂಡು ಹೂವಿನ ಪಾತಿ ಇದೆಯೇ? ಅದರ ಮಣ್ಣು ಒಳಗಿನ ನೆಲಕ್ಕಿಂತ ಕನಿಷ್ಠ 15 ಸೆಂ.ಮೀ. ಕೆಳಗಿರಬೇಕು. ಅದಕ್ಕಿಂತ ಮೇಲೆ ಬಂದಿದ್ದರೆ ಗಿಡಕ್ಕೆ ಹಾಕುವ ನೀರನ್ನು ಗೋಡೆಯೂ ಕುಡಿಯುತ್ತದೆ.

ಹಿರಿಯರಿಗಾಗಿ ಈ ಮನೆ ನೋಡುತ್ತಿದ್ದರೆ ಇನ್ನೊಂದು ಅಳತೆ ಇದೆ. ಗ್ರೌಂಡ್ ಫ್ಲೋರ್ ಎಂದ ಮಾತ್ರಕ್ಕೆ ಮೆಟ್ಟಿಲೇ ಇಲ್ಲ ಎಂದಲ್ಲ. ಗಾಲಿಕುರ್ಚಿಯ ಇಳಿಜಾರು 12 ಅಡಿ ಉದ್ದಕ್ಕೆ 1 ಅಡಿಗಿಂತ ಹೆಚ್ಚು ಏರಬಾರದು. ಅಂದರೆ 45 ಸೆಂ.ಮೀ. ಎತ್ತರದ ಹೊಸ್ತಿಲಿಗೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ಅಷ್ಟು ಜಾಗ ಮುಂದೆ ಇದೆಯೇ ನೋಡಿ.

ಗೋಡೆಯ ಕೆಳಗಿನ ಒಂದು ಮೀಟರ್

ಟಾರ್ಚನ್ನು ಗೋಡೆಗೆ ತಾಗಿಸಿ ಓರೆಯಾಗಿ ಬೆಳಕು ಬಿಡಿ. ನೇರ ಬೆಳಕಿಗೆ ಕಾಣದ ಉಬ್ಬು, ಚಕ್ಕೆ ಆಗ ನೆರಳು ಬೀಳಿಸುತ್ತವೆ. ತೇವದಲ್ಲಿ ಮೂರು ಬಗೆ. ಗುರುತಿಸಲು ಬರದಿದ್ದರೆ ರಿಪೇರಿಯೂ ತಪ್ಪುತ್ತದೆ. ನೆಲದಿಂದ ಏರುವ ತೇವ ಗೋಡೆಯುದ್ದಕ್ಕೂ ಪಟ್ಟಿಯಂತೆ ಹರಡಿ, ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿಗೆ ನಿಲ್ಲುತ್ತದೆ. ಅದರ ಅಂಚಿನಲ್ಲಿ ಬಿಳಿ ಉಪ್ಪಿನ ಪುಡಿ ಇರುತ್ತದೆ. ಪೈಪು ಸೋರಿದ ತೇವ ಒಂದೇ ಕಡೆ ಮಚ್ಚೆಯಂತೆ, ಹೆಚ್ಚಾಗಿ ಬಚ್ಚಲಮನೆಯ ಬೆನ್ನಿನ ಗೋಡೆಯಲ್ಲಿ, ಮಳೆಗಾಲ ಬೇಸಿಗೆ ಎನ್ನದೆ ಇರುತ್ತದೆ. ಬೀರುವಿನ ಹಿಂದೆ, ಮೂಲೆಯಲ್ಲಿ ಉಪ್ಪಿಲ್ಲದೆ ಬರಿಯ ಕಪ್ಪು ಬೂಷ್ಟು ಹಿಡಿದಿದ್ದರೆ ಅದು ಗಾಳಿಯಾಡದೆ ಆದದ್ದು. ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ, ಇಲ್ಲವೇ ಹಾಲಿನಲ್ಲಿ ಸೊಂಟದೆತ್ತರಕ್ಕೆ ಟೈಲ್ಸು ಕಂಡರೆ ಏಕೆ ಎಂದು ಕೇಳಿ.

ನೆಲದ ಪರೀಕ್ಷೆ ಸುಲಭ. 45 ಸೆಂ.ಮೀ. ಚೌಕದ ಪಾಲಿಥಿನ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪು ಅಂಟಿಸಿ. ಕನಿಷ್ಠ 16 ಗಂಟೆ ಬಿಡಿ. ಸಂಜೆ ಅಂಟಿಸಿ ಮಾರನೇ ಮಧ್ಯಾಹ್ನ ತೆಗೆದರೆ ಸಾಕು. ಹಾಳೆಯ ಅಡಿ ಹನಿಗಟ್ಟಿದ್ದರೆ, ನೆಲ ಕಪ್ಪಿಟ್ಟಿದ್ದರೆ ತೇವ ಕೆಳಗಿನಿಂದ ಬರುತ್ತಿದೆ. ಹಾಳೆಯ ಮೇಲೆ ಮಾತ್ರ ಹನಿಯಿದ್ದರೆ ಕೋಣೆಯ ಗಾಳಿಯದು. ನುಣುಪಾದ ಟೈಲ್ಸಿನ ಮೇಲೆ ಈ ಪರೀಕ್ಷೆ ಅಷ್ಟು ನೆಚ್ಚುವಂಥದ್ದಲ್ಲ. ಸಿಮೆಂಟ್ ನೆಲ ಇರುವ ಮೂಲೆ ಹುಡುಕಿ.

ತೇವದ ಗೋಡೆಗೆ ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿಯುವುದು ಎಲ್ಲರೂ ಮಾಡುವ ತಪ್ಪು. ಆರಿಹೋಗುವ ದಾರಿ ಮುಚ್ಚಿದ್ದರಿಂದ ನೀರು ಬಣ್ಣದ ಹಿಂದೆಯೇ ಮೇಲೇರುತ್ತದೆ. ಮೊಣಕಾಲ ಎತ್ತರದಲ್ಲಿದ್ದ ಕಲೆ ಕೆಲವು ತಿಂಗಳಲ್ಲಿ ಎದೆಮಟ್ಟಕ್ಕೆ ಬರುತ್ತದೆ, ಬಣ್ಣ ಗುಳ್ಳೆಯೇಳುತ್ತದೆ. ಮೊದಲು ನೀರಿನ ಮೂಲ ನಿಲ್ಲಿಸಿ, ಕಲೆಗಿಂತ 30 ಸೆಂ.ಮೀ. ಮೇಲಿನವರೆಗೆ ಗಾರೆ ಕೆತ್ತಿ, ಗೋಡೆ ಆರಲು ಬಿಡಬೇಕು. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ವಾಡಿಕೆಯ ಅಂದಾಜು. ಒಂಬತ್ತು ಇಂಚಿನ ಗೋಡೆಗೆ ಎಷ್ಟು ತಾಳ್ಮೆ ಬೇಕೆಂದು ನೀವೇ ಲೆಕ್ಕ ಹಾಕಿ.

ಬಚ್ಚಲಿನ ಮೋರಿ

ಬೇರೆಲ್ಲದಕ್ಕಿಂತ ಹೆಚ್ಚು ಹೊತ್ತನ್ನು ಇಲ್ಲಿ ಕಳೆಯಿರಿ. ಮೇಲಿನ ಮಹಡಿಗಳ ಕೊಳಚೆ ಪೈಪು ನೇರ ಕೆಳಗಿಳಿದು, ತಳದಲ್ಲಿ ತಿರುಗಿ ಅಡ್ಡವಾಗಿ ಹೊರಗೆ ಹೋಗುತ್ತದೆ. ಕಟ್ಟಿಕೊಳ್ಳುವುದು ಹೆಚ್ಚಾಗಿ ಆ ತಿರುವಿನಲ್ಲಿ ಅಥವಾ ಅದರಾಚೆ. ನೆಲಮಹಡಿಯ ಮೋರಿಯೂ ಅದೇ ಪೈಪಿಗೆ ಸೇರಿದ್ದರೆ, ಹಿಂದಕ್ಕೊತ್ತುವ ನೀರಿಗೆ ಸಿಗುವ ಮೊದಲ ಬಾಯಿ ನಿಮ್ಮ ಬಚ್ಚಲು. ಮೇಲಿನವರಿಗೆ ಏನೂ ಗೊತ್ತಾಗುವುದಿಲ್ಲ. ಅವರು ಫ್ಲಶ್ ಮಾಡುತ್ತಲೇ ಇರುತ್ತಾರೆ.

ಹಾಗಾಗಿ ನೆಲಮಹಡಿಯ ಪೈಪು ಪ್ರತ್ಯೇಕವಾಗಿ ಚೇಂಬರಿಗೆ ಸೇರಿರಬೇಕು. ತಿಳಿಯುವುದು ಹೀಗೆ: ಹೊರಗಿನ ಚೇಂಬರಿನ ಮುಚ್ಚಳ ತೆಗೆಸಿ, ಒಂದು ಬಕೆಟ್ ಬಣ್ಣದ ನೀರನ್ನು ನಿಮ್ಮ ಮೋರಿಗೆ ಸುರಿಯಿರಿ. ಅದು ಯಾವ ಪೈಪಿನಿಂದ ಬಂತು ನೋಡಿ. ಆಮೇಲೆ ಮೇಲಿನ ಮನೆಯಲ್ಲಿ ಫ್ಲಶ್ ಮಾಡಿಸಿ. ಎರಡೂ ಒಂದೇ ಬಾಯಿಂದ ಬಂದರೆ ಆ ಮನೆ ತೆಗೆದುಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಿ. ಮೇಲಿನವರು ಬಟ್ಟೆ ಒಗೆಯುವಾಗ ನಿಮ್ಮ ಮೋರಿಯಿಂದ ಸೋಪಿನ ನೊರೆ ಉಕ್ಕುವುದು, ಅವರ ಫ್ಲಶ್ಶಿಗೆ ನಿಮ್ಮ ಬಚ್ಚಲು ಗುಳುಗುಳು ಎನ್ನುವುದು ಇದರ ಲಕ್ಷಣಗಳೇ. ಗುಳುಗುಳು ಸದ್ದು ಬಂದರೆ ಪೈಪು ಆಗಲೇ ಅರ್ಧ ಕಟ್ಟಿರಬಹುದು.

ನೀರು ಹಿಂದೆ ಬರದಂತೆ ತಡೆಯುವ ನಾನ್‌-ರಿಟರ್ನ್ ವಾಲ್ವ್ ಹಾಕಿಸಬಹುದು. ಅದು ನಿಮ್ಮ ಮನೆಯ ಪೈಪಿನಲ್ಲಿ ಮಾತ್ರ ಇರಬೇಕು, ಮೇಲಿನವರ ಪೈಪು ಸೇರುವ ಜಾಗಕ್ಕಿಂತ ಮೊದಲು. ಸೇರಿದ ಮೇಲೆ ಹಾಕಿದರೆ, ವಾಲ್ವ್ ಮುಚ್ಚಿದಾಗ ಮೇಲಿನ ನೀರಿಗೆ ನಿಮ್ಮ ಮನೆಯೇ ಗತಿ. ಅದು ಮುಚ್ಚಿರುವಾಗ ನಿಮ್ಮ ನೀರೂ ಹೊರಗೆ ಹೋಗದು ಎಂಬುದು ನೆನಪಿರಲಿ. ಒಳಗಿನ ತಟ್ಟೆಗೆ ಒಂದು ಉಂಡೆ ಕೂದಲು ಸಿಕ್ಕಿದರೂ ಪೂರ್ತಿ ಮುಚ್ಚುವುದಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಬೇಕು.

ಬಳಸದ ಬಚ್ಚಲಿನ ಟ್ರ್ಯಾಪಿನಲ್ಲಿ (ಮೋರಿಯ ಬಾಯಿಯ ಕೆಳಗೆ ನೀರು ಹಿಡಿದಿಡುವ ಭಾಗ) ನಿಂತಿರಬೇಕಾದ 5 ಸೆಂ.ಮೀ. ನೀರು ಆರಿದರೆ ವಾಸನೆ, ಜಿರಲೆ ಎರಡೂ ಒಳಗೆ ಬರುತ್ತವೆ. ವಾರಕ್ಕೆ ಒಂದು ಚೊಂಬು ನೀರು ಸುರಿದರೆ ಸಾಕು.

ನಲ್ಲಿ, ಬೆಳಕು, ಸರಳು

ಮೇಲಿನ ಟ್ಯಾಂಕಿನಿಂದ ಪ್ರತಿ 10 ಮೀಟರ್ ಇಳಿತಕ್ಕೆ ಸುಮಾರು 1 ಬಾರ್ ಒತ್ತಡ ಕೂಡುತ್ತದೆ. ಶವರಿಗೆ ಒಳ್ಳೆಯದು, ನಲ್ಲಿಯ ವಾಷರಿಗಲ್ಲ. ಒತ್ತಡ 5 ಬಾರ್ ದಾಟಿದರೆ ತಗ್ಗಿಸುವ ವಾಲ್ವ್ ಬೇಕು.

ಹಾಲಿನ ನಡುವೆ ಕುರ್ಚಿ ಹಾಕಿ ಕುಳಿತು ನೋಡಿ. ಒಂದು ಚೂರು ಆಕಾಶವೂ ಕಾಣದಿದ್ದರೆ ಹಗಲಲ್ಲೂ ದೀಪ ಬೇಕಾಗುತ್ತದೆ. ದಾರಿಹೋಕರ ಕಣ್ಣು ತಪ್ಪಿಸಲು ಗಾಜಿಗೆ ಕನ್ನಡಿ ಫಿಲ್ಮ್ ಅಂಟಿಸುತ್ತಾರೆ. ಅದು ಹಗಲಿಗಷ್ಟೇ, ರಾತ್ರಿ ಒಳಗೆ ದೀಪ ಹಾಕಿದೊಡನೆ ಆಟ ತಿರುಗುತ್ತದೆ. ಕಿಟಕಿಯ ಕೆಳಗಿನ ಅರ್ಧಕ್ಕೆ ಮಬ್ಬು ಗಾಜು ಹಾಕಿದರೆ ಮೇಲರ್ಧದಿಂದ ಬೆಳಕು ಬರುತ್ತದೆ. ಸರಳುಗಳ ನಡುವಿನ ಅಂತರ 10 ಸೆಂ.ಮೀ. ಮೀರದಿರಲಿ. ಮಲಗುವ ಕೋಣೆಯ ಒಂದು ಗ್ರಿಲ್ಲಾದರೂ ಬೆಂಕಿ ಬಿದ್ದಾಗ ಒಳಗಿನಿಂದ ತೆರೆಯುವಂತಿರಬೇಕು. ಅದರ ಬೀಗದ ಕೈ ಮನೆಯವರೆಲ್ಲರಿಗೂ ಗೊತ್ತಿರುವ ಜಾಗದಲ್ಲಿ, ಹೊರಗಿನ ಕೈಗೆ ನಿಲುಕದಷ್ಟು ದೂರದಲ್ಲಿರಲಿ. ಪಂಪು, ಗೇಟು, ಕಾರುಗಳ ಸದ್ದು ತಿಳಿಯಬೇಕೆಂದರೆ ರಾತ್ರಿ ಒಂಬತ್ತಕ್ಕೆ ಇನ್ನೊಮ್ಮೆ ಹೋಗಿ.

ಬಾಗಿಲ ಚೌಕಟ್ಟಿನ ಬುಡದಲ್ಲಿ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಗೆದ್ದಲು. ಚಿಕ್ಕ ಇಲಿಗೆ 6 ಮಿ.ಮೀ. ಸಂದು ಸಾಕು, ಗೋಡೆ ದಾಟುವ ಪೈಪುಗಳ ಸುತ್ತ ಉಕ್ಕಿನ ನಾರು ತುರುಕಿ ಸಿಮೆಂಟ್ ಮೆತ್ತಿಸಿ.

ಎಲ್ಲ ನೋಡಿ ಒಪ್ಪಿದಿರಾದರೆ, ಪೈಪು ಕಟ್ಟಿದಾಗ ಯಾರು ತೆಗೆಸಬೇಕು, ಖರ್ಚು ಎಲ್ಲ ಮಹಡಿಗಳಿಗೂ ಹಂಚಿಕೆಯಾಗುತ್ತದೆಯೇ ಎಂಬುದನ್ನು ಕರಾರಿನಲ್ಲೇ ಬರೆಸಿ. ಸಾಮಾನು ಇಡುವಾಗ ಬೀರುವನ್ನು ಹೊರಗೋಡೆಯಿಂದ 5 ಸೆಂ.ಮೀ. ಆಚೆ ನಿಲ್ಲಿಸಿ.